ಕೆಳಗಿನ ಮನೆಯ ಅಣ್ಣನ ದಿಬ್ಬಣ

ಕಳೆದ ವಾರ ಅಮೆರಿಕದ ಬ್ರಿಡ್ಜ್‌ವಾಟರ್‌ನ ನಮ್ಮ ಮನೆಯ ಹತ್ತಿರದ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು ಹುಡುಕುತ್ತಿದ್ದೆ. ಸೊಪ್ಪು ಸಿಗಲಿಲ್ಲ. ಒಣಮೆಣಸಿನಕಾಯಿಯ ಪೊಟ್ಟಣಗಳ ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕಂದು ಬೆಲ್ಲದ ಅಚ್ಚುಗಳು ಕಂಡವು. ಮೆಕ್ಸಿಕೋದ ಬೆಲ್ಲ. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಪಕ್ಕದಲ್ಲೇ ದಾಲ್ಚಿನ್ನಿ ಚಕ್ಕೆಯ ರಾಶಿ ಇತ್ತು. ಎರಡರ ವಾಸನೆ ಕೂಡಿ ಬಂದದ್ದೇ ತಡ, ನಾನು ಯೂನಿಯನ್ ಸಿಟಿಯ ಹಳೆಯ ಮನೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ...

ಅದು ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆಯ ಕಾಲ. ಕಂಪ್ಯೂಟರಿನ ಮುಂದೆ ಕೂರಬಲ್ಲವರನ್ನೆಲ್ಲ ಅಮೆರಿಕ ಕೈಬೀಸಿ ಕರೆಯುತ್ತಿತ್ತು. ನಮ್ಮವರನ್ನೂ ಕರೆಯಿತು. ಅವರ ಬೆನ್ನಿಗೆ, ಹೆಂಡತಿಗೆ ಕೊಡುವ ಎಚ್-ಫೋರ್ ವೀಸಾದ ಮೇಲೆ ನಾನು ಧಾರವಾಡದಿಂದ ಬಂದೆ. ಸಂಬಳದ ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರುವುದಿಲ್ಲ, ಮಾತಾಡಲು ಜನ ಇಲ್ಲ. ಮಾತಾಡದೆ ಇರುವುದೆಂದರೆ ನನಗೆ ಉಪವಾಸವಿದ್ದಂತೆ. ನಮ್ಮವರು ಬೆಳಿಗ್ಗೆ ಬಸ್ಸು ಹಿಡಿದು ಮ್ಯಾನ್‌ಹಟನ್‌ಗೆ ಹೋದರೆ ನಾನು ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದೆ. ಅದು ಗುರ್ ಎನ್ನುವುದು ಬಿಟ್ಟರೆ ಬೇರೆ ಉತ್ತರ ಕೊಡುತ್ತಿರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಕೆಳಗಿನ ಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂತು. ನನಗೆ ಸಂಶಯವೇ ಉಳಿಯಲಿಲ್ಲ. ಕೆಳಗೆ ಯಾರೋ ನಮ್ಮ ಕಡೆಯವರು ಬಂದಿದ್ದಾರೆ, ಹೂರಣ ಕಾಸುತ್ತಿದ್ದಾರೆ! ಸೀರೆ ಸರಿಮಾಡಿಕೊಂಡು, ಮನೆಯಾಕೆಗೆ ಹಚ್ಚಲು ಕುಂಕುಮದ ಬಟ್ಟಲು ಹಿಡಿದುಕೊಂಡು ಇಳಿದು ಹೋಗಿ ಬಾಗಿಲು ಬಡಿದೆ. ಬಾಗಿಲು ತೆರೆದೊಡನೆ, "ಯಾವೂರ್ರೀ ನಿಮ್ಮದು?" ಅಂದೆ.

ಎದುರಿಗೆ ಬನಿಯನ್ ಹಾಕಿದ ಒಬ್ಬ ಗಂಡಸು ನಿಂತಿದ್ದ. ನಲವತ್ತು ದಾಟಿದ ವಯಸ್ಸು, ನಮ್ಮ ಗದಗಿನ ಹವಾಲ್ದಾರರಂಥ ಮೀಸೆ. ನನ್ನನ್ನು ನೋಡಿದ, ಕುಂಕುಮದ ಬಟ್ಟಲು ನೋಡಿದ, ಒಳಗೆ ಹೋಗಿ ಒಂದು ಕಪ್ಪು ತಂದು ಕೈಗಿಟ್ಟ. ಬೆಲ್ಲ, ದಾಲ್ಚಿನ್ನಿ ಹಾಕಿ ಕುದಿಸಿದ ಕರಿಕಾಫಿ. ಮೆಟ್ಟಿಲ ಮೇಲೇ ಕೂತು ಕುಡಿದೆ. ಅವನು ಬೆರಳಿನಿಂದ ಕುಂಕುಮ ತೋರಿಸಿ ಏನೋ ಕೇಳಿದ. ನಾನು ಹಣೆ ತೋರಿಸಿದೆ. ಅವನು ನಕ್ಕು ತನ್ನ ಹಣೆ ಮುಂದಕ್ಕೆ ಒಡ್ಡಿದ. ಹಚ್ಚಿಬಿಟ್ಟೆ. ಅವತ್ತಿನಿಂದ ಅವನು ನನಗೆ ಕೆಳಗಿನ ಮನೆಯ ಅಣ್ಣ. ಅವನು ಕೂಡ ತನ್ನ ಮಾತಿನಲ್ಲಿ ನನ್ನನ್ನು ತಂಗಿ ಎಂದೇ ಕರೆದ.

ಅಣ್ಣ ಮೆಕ್ಸಿಕೋದ ಒಂದು ಹಳ್ಳಿಯವನು. ಬರ್ಗನ್‌ಲೈನ್ ಅವೆನ್ಯೂದ ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಹಗಲೆಲ್ಲ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದ. ಸ್ಪ್ಯಾನಿಷ್ ನನಗೆ ಇಂಗ್ಲಿಷಿಗಿಂತ ಬೇಗ ಹತ್ತಿತು. ಇಂಗ್ಲಿಷಿನಲ್ಲಿ ತಪ್ಪಾದರೆ ಜನ ಹುಬ್ಬು ಏರಿಸುತ್ತಿದ್ದರು, ಸ್ಪ್ಯಾನಿಷ್‌ನಲ್ಲಿ ತಪ್ಪಾದರೆ ಊಟಕ್ಕೆ ಕರೆಯುತ್ತಿದ್ದರು. ಅಣ್ಣ, ಆ ಓಣಿಯವರು ಆಡಿದ್ದೆಲ್ಲ ನನ್ನ ನೆನಪಿನಲ್ಲಿ ಧಾರವಾಡದ ಕನ್ನಡದಲ್ಲೇ ಉಳಿದುಬಿಟ್ಟಿದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅವರ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಕೂಸಿಗೆ ಚರ್ಚಿನಲ್ಲಿ ಹೆಸರಿಡಲಿ, ಮದುವೆಯಾಗಲಿ, ಹುಡುಗಿಗೆ ಹದಿನೈದು ತುಂಬಿದ ಸಂಭ್ರಮವಿರಲಿ, ಮನೆಯವರೇ ಎಲ್ಲವನ್ನೂ ಹೊರುವುದಿಲ್ಲ. ಕೇಕಿಗೊಬ್ಬ, ಬ್ಯಾಂಡಿಗೊಬ್ಬ, ಹುಡುಗಿಯ ಬೂಟಿಗೊಬ್ಬ, ಹೀಗೆ ಪ್ರತಿಯೊಂದಕ್ಕೂ ಒಬ್ಬೊಬ್ಬ ಪದ್ರೀನೊ ಇರುತ್ತಾನೆ. ಪದ್ರೀನೊ ಎಂದರೆ ಧರ್ಮದ ತಂದೆ. ಹೆಂಗಸಾದರೆ ಮದ್ರೀನಾ. ಕೇಕು ತಂದಿಟ್ಟು ಮನೆಗೆ ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲಬೇಕು, ಮುಂದೆ ಜೀವನವಿಡೀ ಸಂಬಂಧ ನಡೆಸಬೇಕು. ಪದ್ರೀನೊ ಬಂದು ಏನಾದರೂ ಕೇಳಿದರೆ ಆಗುವುದಿಲ್ಲ ಎನ್ನುವಂತಿಲ್ಲ.

ಅಣ್ಣನಿಗೆ ಹೆಂಡತಿ ಮಕ್ಕಳಿರಲಿಲ್ಲ. ಆದರೆ ಆ ಓಣಿಯ ಅರ್ಧ ಮಕ್ಕಳಿಗೆ ಅವನು ಪದ್ರೀನೊ. ಭಾನುವಾರ ಅವನ ಜೊತೆ ರಸ್ತೆಗಿಳಿದರೆ ನಡೆಯಲು ಆಗುತ್ತಿರಲಿಲ್ಲ. ಒಂದು ಮಗು ಕಾಲಿಗೆ, ಒಂದು ಕೈಗೆ, ಒಂದು ಹೆಗಲಿಗೆ ಜೋತುಬೀಳುತ್ತಿತ್ತು. ಅವನು ಬೈಯುತ್ತಲೇ ಎಲ್ಲರನ್ನೂ ಎತ್ತಿಕೊಳ್ಳುತ್ತಿದ್ದ. ಅವನ ಜೇಬಿನಲ್ಲಿ ಯಾವಾಗಲೂ ಹುಣಸೆಹಣ್ಣಿನ ಖಾರದ ಪೆಪ್ಪರಮಿಂಟುಗಳು ಇರುತ್ತಿದ್ದವು. ನನ್ನ ಪಾಲಿಗೂ ಒಂದು ಬರುತ್ತಿತ್ತು.

ಒಂದು ಹದಿನೈದರ ಸಂಭ್ರಮದಲ್ಲಿ ನನ್ನನ್ನೂ ಎಳೆದು ತಂದ. ಮೊಟ್ಟೆ ಮುಟ್ಟದ ಮನೆತನದಲ್ಲಿ ಹುಟ್ಟಿದ ನಾನು ಅಂತಸ್ತಿನ ಮೇಲೆ ಅಂತಸ್ತಿದ್ದ ಒಂದು ಗುಲಾಬಿ ಬಣ್ಣದ ಕೇಕಿಗೆ ಧರ್ಮದ ತಾಯಿಯಾದೆ! ನಮ್ಮ ಕಡೆ ಮದುವೆಯಲ್ಲಿ ಆಹೇರಿ, ಉಡುಗೊರೆ ಬಂದದ್ದನ್ನು ಮೈಕಿನಲ್ಲಿ ಕೂಗುತ್ತಾರಲ್ಲ, ಹಾಗೆ ಅಲ್ಲಿಯೂ ನನ್ನ ಹೆಸರನ್ನು ಕೂಗಿದರು. ಇಳಕಲ್ ಸೀರೆಯುಟ್ಟು ವೇದಿಕೆ ಹತ್ತಿದೆ. ಜನ ಶಿಳ್ಳೆ ಹೊಡೆದರು. ಅಣ್ಣ ಕುಣಿಯಲು ಕರೆದ. ನಮ್ಮವರು ಮೂಲೆಯಲ್ಲಿ ಕೂತು ಪೇಜರ್ ನೋಡುವಂತೆ ನಟಿಸುತ್ತಿದ್ದರು. ಅವರನ್ನೂ ಎಳೆದುಕೊಂಡು ಬಂದ. ಅವರು ಕುಣಿದದ್ದನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ ಸಲ.

ಸಂಬಳವಿಲ್ಲದ ಸೇವೆಗೆ ವೀಸಾದ ತಕರಾರಿಲ್ಲ ಎಂದು ಗೊತ್ತಾದ ಮೇಲೆ ನಾನು ಹಿಂದಿನ ಓಣಿಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಹೋಗತೊಡಗಿದೆ. ಕರಪತ್ರ ಮಡಚುವುದು, ಗಿಡಗಳಿಗೆ ನೀರು ಹಾಕುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು. ಕೊನೆಯದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಲ್ಲಿಯ ನರ್ಸಮ್ಮ ಪೋರ್ಟೊರಿಕೋದಾಕೆ, ಗಟ್ಟಿಗಿತ್ತಿ. ಆಕೆಗೆ ಒಂದೇ ಚಿಂತೆ. ಆ ಊರಿನಲ್ಲಿ ಅಡುಗೆಮನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ಗಂಡಸರು ಎಚ್‌ಐವಿ ಪರೀಕ್ಷೆಗೆ ಬರುತ್ತಲೇ ಇರಲಿಲ್ಲ. ಬದುಕಿಸುವ ಔಷಧಿ ಆಗಲೇ ಬಂದಿತ್ತು. ಆದರೆ ಜನ ಹಾಸಿಗೆ ಹಿಡಿದ ಮೇಲೆ ಬರುತ್ತಿದ್ದರು.

ಬರದಿರುವುದಕ್ಕೆ ಕಾರಣ ಕಣ್ಣೆದುರೇ ಇತ್ತು. ಪರೀಕ್ಷೆ ಮಾಡುವ ವ್ಯಾನಿನ ಮೈಮೇಲೆ ರೋಗದ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆದಿದ್ದರು. ಅದನ್ನು ಶನಿವಾರ ತಂದು ನಿಲ್ಲಿಸುತ್ತಿದ್ದದ್ದು ನಾಣ್ಯ ಹಾಕಿ ಬಟ್ಟೆ ಒಗೆಯುವ ಲಾಂಡ್ರಿಯ ಎದುರಿಗೆ. ಆ ಲಾಂಡ್ರಿಯನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಇಡೀ ಓಣಿಯ ಆಕಾಶವಾಣಿ. ವ್ಯಾನಿನ ಮೆಟ್ಟಿಲಿಗೆ ಯಾರ ಬೂಟು ತಾಗಿದರೂ ಮಧ್ಯಾಹ್ನದೊಳಗೆ ಬರ್ಗನ್‌ಲೈನ್ ಉದ್ದಕ್ಕೂ ಸುದ್ದಿ. ಭಾನುವಾರ ಫೋನ್ ಕಾರ್ಡು ಹಾಕಿ ಊರಿಗೆ ಮಾತಾಡಿದರೆ ಅಲ್ಲಿ ತಾಯಿ ಅಳುತ್ತಿರುತ್ತಿದ್ದಳು. ವ್ಯಾನು ಹತ್ತಿದ ಗಂಡಸು ಹಾದಿ ತಪ್ಪಿದವನು, ಅಥವಾ ಗಂಡಸರ ಸಹವಾಸ ಮಾಡುವವನು. ಮೂರನೆಯ ಅರ್ಥವೇ ಅವರಲ್ಲಿರಲಿಲ್ಲ. ಆದ್ದರಿಂದ ವ್ಯಾನು ಕಂಡರೆ ಗಂಡಸರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ನನಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಮ್ಮ ಕನ್ನಡ ಸಂಘದವರು ಮನೆಮನೆಯಿಂದ ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ನೋಡಿ, ಶುಗರು ಬಿಪಿ ಬಂದದ್ದನ್ನು ಮಗನಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ ಹೇಳುತ್ತಾರೆ. ಕ್ಯಾನ್ಸರು, ಖಿನ್ನತೆ ಬಂದರೆ ಆ ಮನೆಯವರೇ ಪಾಟ್‌ಲಕ್ಕಿಗೆ ಬರುವುದಿಲ್ಲ. ಇಲ್ಲಿ ಯಾರದೋ ವೀಸಾ ತಿರಸ್ಕಾರವಾದರೆ ಅವನು ಮನೆ ಮುಟ್ಟುವುದರೊಳಗೆ ಹುಬ್ಬಳ್ಳಿಯಲ್ಲಿ ಅವನ ಸೋದರತ್ತೆಗೆ ಗೊತ್ತಾಗಿರುತ್ತದೆ. ಲಾಂಡ್ರಿ ಅಕ್ಕ ನಮ್ಮಲ್ಲಿ ಒಬ್ಬಳೇ ಇರಲಿಲ್ಲ, ಸುಮಾರು ಜನ ಇದ್ದರು. ನಿಜ ಹೇಳಬೇಕೆಂದರೆ ನಾನೂ ಒಬ್ಬಳು.

ವ್ಯಾನಿನ ಈ ಗೋಳನ್ನು ಒಂದು ದಿನ ಅಣ್ಣನೆದುರು ಹೇಳಿದೆ. ಅವನು ಕಾಫಿ ಸೋಸುತ್ತಿದ್ದ. ಅವನ ಮನೆಯ ಗೋಡೆಯ ಮೇಲೆ ಮೇರಿಯಮ್ಮನ ಪಟದ ಪಕ್ಕದಲ್ಲಿ ಒಬ್ಬ ತರುಣನ ಫೋಟೋ ಇತ್ತು. ಅದರ ಮುಂದೆ ಯಾವಾಗಲೂ ಮೊಂಬತ್ತಿ ಉರಿಯುತ್ತಿತ್ತು. ಅದು ತನ್ನ ಚಿಕ್ಕಪ್ಪನ ಮಗ, ಹಿಂದೆ ತನ್ನ ಜೊತೆ ಇದ್ದ, ಊರಿಗೆ ಹೋಗಿ ಜ್ವರದಿಂದ ತೀರಿಕೊಂಡ ಎಂದು ಹೇಳಿದ್ದ. ಅವತ್ತು ಫೋಟೋ ಕಡೆ ನೋಡುತ್ತ, "ಅಂವ ನನ್ನ ಚಿಕ್ಕಪ್ಪನ ಮಗಾ ಅಲ್ಲವಾ ತಂಗಿ" ಅಂದ.

"ಗೊತ್ತದ ಅಣ್ಣಾ" ಅಂದೆ. ನಿಜವಾಗಿಯೂ ಗೊತ್ತಿತ್ತು. ಚಿಕ್ಕಪ್ಪನ ಮಗನ ಫೋಟೋವನ್ನು ಯಾರೂ ಹಾಗೆ ನೋಡುವುದಿಲ್ಲ.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಆ ತರುಣ ಯಾರಿಗೂ ತಿಳಿಯದಂತೆ ದೂರದ ಊರಿನಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದ. ಫಲಿತಾಂಶದ ಕಾಗದ ತರಲು ಒಬ್ಬನೇ ಹೋಗಿದ್ದ. ಒಬ್ಬನೇ ಕೇಳಿಸಿಕೊಂಡು, ಬಸ್ಸಿನಲ್ಲಿ ಒಬ್ಬನೇ ಕೂತು ಮನೆಗೆ ಬಂದು ಅಡುಗೆ ಮಾಡಿ ಅಣ್ಣನಿಗೆ ಬಡಿಸಿದ್ದ. ಅಣ್ಣನಿಗೂ ಹೇಳಲಿಲ್ಲ. ಔಷಧಿಗೆ ಹೋದರೆ ಯಾರಾದರೂ ನೋಡುತ್ತಾರೆಂದು ಹೋಗಲಿಲ್ಲ. ಮೈ ಸೋತ ಮೇಲೆ ತಾಯಿಯ ಹತ್ತಿರ ಹೋದ. ಅಲ್ಲಿಂದ ಸುದ್ದಿ ಮಾತ್ರ ಬಂತು...

"ನಮ್ಮಲ್ಲಿ ಕೇಕಿಗೂ ಪದ್ರೀನೊ ಇರ್ತಾನ, ಬೂಟಿಗೂ ಇರ್ತಾನ" ಅಂದ ಅಣ್ಣ. "ಅಂಥಾ ಕಾಗದಾ ತರಾಕ ಮನಷ್ಯಾ ಒಬ್ಬಾಂವನ ಹೋಗೂದಂದ್ರ ಏನವಾ?"

ಆ ಮಾತಿನಿಂದಲೇ ಎಲ್ಲ ಶುರುವಾಯಿತು. ಮರುದಿನ ಅವನನ್ನು ನರ್ಸಮ್ಮನ ಮುಂದೆ ಕೂರಿಸಿದೆ. ವ್ಯಾನು ಬೇಡ, ಹಲ್ಲು ನೋಡುವ, ಕೂಸುಗಳಿಗೆ ಚುಚ್ಚುಮದ್ದು ಹಾಕುವ ಕೇಂದ್ರದಲ್ಲೇ ಪರೀಕ್ಷೆ ಆಗಲಿ ಎಂದ. ಪರೀಕ್ಷೆಗೆ ಬರುವವನು ತನ್ನ ಪದ್ರೀನೊನನ್ನು ಕರೆತರಲಿ, ಕಾಗದ ತರುವ ದಿನವೂ ಅವನೇ ಜೊತೆಗಿರಲಿ. ಹೊರಗೆ ನಿಂತು ನೋಡುವವರಿಗೆ ಇಬ್ಬರು ಗಂಡಸರು ಒಳಗೆ ಹೋದದ್ದು ಕಾಣುತ್ತದೆ. ಅವರಲ್ಲಿ ಪರೀಕ್ಷೆ ಯಾರಿಗೆ, ಪದ್ರೀನೊ ಯಾರು ಎನ್ನುವುದು ದೇವರಿಗೇ ಗೊತ್ತು. ಇನ್ನೊಂದು ಮಾತನ್ನೂ ಅಣ್ಣ ಖಂಡಿತವಾಗಿ ಹೇಳಿದ. ಕಾಗದದಲ್ಲಿ ಏನಿತ್ತೆಂದು ಯಾರೂ ಕೇಳಬಾರದು, ಪದ್ರೀನೊ ಯಾವತ್ತಿಗೂ ಹೇಳಬಾರದು. ನರ್ಸಮ್ಮ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ವ್ಯಾನಿನವರಿಗೆ ಫೋನು ಮಾಡಿದಳು.

ಮೊದಲ ಶನಿವಾರ ಯಾರೂ ಬರಲಿಲ್ಲ. ನಾವು ಮೂವರೂ ಕೂತು ತಿಂಡಿ ತಿಂದು ಎದ್ದೆವು. ಅಣ್ಣನಿಗೆ ಸಿಟ್ಟು ಬಂತು. ಮರುದಿನ ಚರ್ಚಿನ ಬಾಗಿಲಲ್ಲಿ ನಿಂತು, ತಾನು ಯಾರ ಯಾರ ಮಕ್ಕಳಿಗೆ ಪದ್ರೀನೊ ಆಗಿದ್ದನೋ ಅವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದ. "ನಿನ್ನ ಮಗಳ ಬೂಟಿಗೆ ನಾ ನಿಂತಿದ್ದೆ. ಈಗ ನೀ ಒಂದು ಶನಿವಾರ ನನ್ನ ಸಂಗಾಟ ಬಾ." ಆಗುವುದಿಲ್ಲ ಎನ್ನುವಂತಿಲ್ಲವಲ್ಲ! ಒಬ್ಬ ಬಂದ. ಅವನು ಮುಂದಿನ ವಾರ ತನ್ನ ಭಾವನಿಗೆ ಪದ್ರೀನೊ ಆಗಿ ಬಂದ. ಭಾವ ತನ್ನ ಜೊತೆ ಪಾತ್ರೆ ತೊಳೆಯುವವನನ್ನು ಕರೆತಂದ. ಹೀಗೆ ಸರಪಳಿ ಬೆಳೆಯಿತು. ಶನಿವಾರ ಬೆಳಿಗ್ಗೆ ಕೇಂದ್ರದ ಕಾಯುವ ಕೋಣೆ ಮದುವೆಮನೆಯ ಪಡಸಾಲೆಯಂತಾಯಿತು. ಡಾಮಿನೋ ಆಟ, ಜೋಳದ ಕಡುಬು, ಜಗಳ, ನಗು. ನಾನು ಒಂದು ವಾರ ಚುರುಮುರಿಯ ಗಿರಮಿಟ್ಟು ಮಾಡಿಕೊಂಡು ಹೋದೆ. ಪಾತ್ರೆ ಬಳಿದು ತಿಂದರು.

ಪಾಪ, ಲಾಂಡ್ರಿ ಅಕ್ಕನಿಗೆ ಮಾತ್ರ ಊಟ ಸೇರದಾಯಿತು. ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಹೋಗುವವರನ್ನು ನೋಡುವಳು. ನಾನು ಬಟ್ಟೆ ಒಗೆಯಲು ಹೋದರೆ ಕೈ ಹಿಡಿದು, "ಆ ಇಬ್ಬರ ಒಳಗ ಯಾಂವ, ಅಷ್ಟರ ಹೇಳ" ಎನ್ನುವಳು. ಗೊತ್ತಿಲ್ಲ ಎಂದರೆ ನಂಬುವಳಲ್ಲ. ನನ್ನ ಬಾಯಿಯ ಗುಣ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಅಣ್ಣ ಇನ್ನೂ ಒಂದು ಕೆಲಸ ಮಾಡುತ್ತಿದ್ದ. ಶನಿವಾರ ಬರುವವರ ಅಂಗಿಗಳನ್ನು ತಾನೇ ಇಸ್ತ್ರಿ ಮಾಡಿ ಕೊಡುತ್ತಿದ್ದ. "ಇಸ್ತ್ರಿ ಅಂಗಿ ಹಾಕ್ಕೊಂಡಾಂವ ಕಳ್ಳನಂಗ ತಲಿ ತಗ್ಗಿಸಿ ಹೋಗೂದಿಲ್ಲ" ಎನ್ನುತ್ತಿದ್ದ. ಮಡಚುವಾಗ ಜೇಬಿನಲ್ಲಿ ಒಂದು ಕಾಂಡೋಮ್ ಪೊಟ್ಟಣ ಇಡುವುದು ರೂಢಿಯಾಯಿತು. ಒಮ್ಮೆ ನಮ್ಮವರ ಅಂಗಿಯೂ ಆ ಗುಡ್ಡೆಯಲ್ಲಿ ಸೇರಿತ್ತು. ಅವರು ಅದನ್ನು ಹಾಕಿಕೊಂಡು ಆಫೀಸಿಗೆ ಹೋಗಿ, ದೊಡ್ಡ ದೊಡ್ಡವರ ಮೀಟಿಂಗಿನಲ್ಲಿ ಪೆನ್ನು ತೆಗೆಯಲು ಜೇಬಿಗೆ ಕೈ ಹಾಕಿದ್ದಾರೆ. ಪೊಟ್ಟಣ ಮೇಜಿನ ನಡುವೆ ಬಿದ್ದಿದೆ. ಸಂಜೆ ಬಾಗಿಲಲ್ಲೇ ನಿಂತು, "ನಿಮ್ಮ ಅಣ್ಣ ನನ್ನ ಗ್ರೀನ್ ಕಾರ್ಡಿಗೆ ಕಲ್ಲು ಹಾಕ್ಯಾನ" ಎಂದರು. ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಅವರ ಅಮೆರಿಕನ್ ಬಾಸು ಮರುದಿನ, ನಿಮ್ಮ ಇಸ್ತ್ರಿಯವನು ಬಹಳ ಒಳ್ಳೆಯವನು, ವಿಳಾಸ ಕೊಡಿ ಎಂದನಂತೆ.

ಇಷ್ಟೆಲ್ಲದರ ನಡುವೆ ಒಂದು ದಿನ ತಮಾಷೆಗೆ ಕೇಳಿದೆ, "ಎಲ್ಲಾರಿಗೂ ನೀ ಪದ್ರೀನೊ. ನಿನಗ್ಯಾರು ಅಣ್ಣಾ?" ಅಣ್ಣನ ಮುಖ ಇಳಿದುಹೋಯಿತು. ಆಗ ಹೊಳೆಯಿತು. ಶನಿವಾರ ಶನಿವಾರ ಆ ಬಾಗಿಲನ್ನು ಹೊಕ್ಕು ಬರುವ ಅಣ್ಣ ತನ್ನ ಪರೀಕ್ಷೆಗೆ ಒಮ್ಮೆಯೂ ಕೂತಿರಲಿಲ್ಲ.

ಅವನು ತನ್ನ ಭಯವನ್ನು ಮುಚ್ಚಿಡಲಿಲ್ಲ. ಜೊತೆಗಿದ್ದವನನ್ನು ಒಯ್ದದ್ದು ತನ್ನ ಮೈಯಲ್ಲೂ ಇರಬಹುದು. ಇದೆ ಎಂದು ಜನರಿಗೆ ಗೊತ್ತಾದರೆ ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಆಡದಿದ್ದ ಮಾತನ್ನು ಎಲ್ಲರೂ ಆಡುತ್ತಾರೆ. "ಕೂಸುಗಳನ್ನ ನನ್ನ ಕೈಯಾಗ ಕೊಡೂದು ಬಿಡ್ತಾರ ತಂಗಿ. ಅವನ್ನ ಬಿಟ್ಟರ ನನಗ ಮತ್ತೇನದ?" ಮಾತಿನ ಮಲ್ಲಿ ಎನಿಸಿಕೊಂಡ ನಾನು ಎದ್ದು ಅವನ ಕಪ್ಪಿಗೆ ಕಾಫಿ ಬಗ್ಗಿಸಿದೆ. ನಾನು ಹೇಳಬಹುದಾದದ್ದನ್ನೆಲ್ಲ ಅವನೇ ಎಷ್ಟೋ ಗಂಡಸರಿಗೆ ಹೇಳಿದ್ದ.

ಕೆಲವು ವಾರ ಅಣ್ಣ ಮಂಕಾಗಿದ್ದ. ಆಮೇಲೆ ಒಂದು ಸಂಜೆ ನಮ್ಮವರ ಅಂಗಿಗಳನ್ನು ಹಿಡಿದು ಮೇಲೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ಶನಿವಾರ ಬಿಡುವದ ಏನವಾ? ನನಗ ಮದ್ರೀನಾ ಆಗ್ತೀಯೇನು?" ಎಂದು ಕೇಳಿದ. ನನಗೆ ಅಳು ಬಂತು. ಅಳುತ್ತಲೇ ಹೂಂ ಅಂದೆ. ಅಂಗಿಗಳು ಒದ್ದೆಯಾಗುತ್ತವೆಂದು ಅವನು ಅವನ್ನು ಪಕ್ಕಕ್ಕೆ ಸರಿಸಿದ.

ಶನಿವಾರ ಹೋಗಿ ಪರೀಕ್ಷೆಗೆ ಕೊಟ್ಟು ಬಂದೆವು. ಫಲಿತಾಂಶ ಬರಲು ಆಗ ಎರಡು ವಾರ ಹಿಡಿಯುತ್ತಿತ್ತು, ಅದು ಅಲ್ಲಿಗೆ ಹೋಗಿಬಂದವರಿಗೆಲ್ಲ ಗೊತ್ತಿತ್ತು. ನಾವಿಬ್ಬರೂ ಶಾಣ್ಯಾರು ಎಂದುಕೊಂಡಿದ್ದೆವು, ಆದರೆ ಒಂದು ವಿಷಯ ಮರೆತುಬಿಟ್ಟಿದ್ದೆವು. ಇಷ್ಟು ದಿನ ಹೋದದ್ದೆಲ್ಲ ಗಂಡಸರ ಜೋಡಿ. ಅವತ್ತು ಅಣ್ಣನ ಜೊತೆ ಇದ್ದದ್ದು ಸೀರೆಯುಟ್ಟ ನಾನು. ಕೇಂದ್ರದಲ್ಲಿ ವಾರವಿಡೀ ಇರುವ ನಾನು, ನೀರು ಹಾಕಲು ಹೋಗದೆ ಅಣ್ಣನ ತೋಳು ಹಿಡಿದು ಹೋಗಿದ್ದೆ. ಪರೀಕ್ಷೆ ಅಣ್ಣನದೇ ಎಂದು ಲಾಂಡ್ರಿ ಅಕ್ಕನಿಗೆ ಲೆಕ್ಕ ಬಿಡಿಸಲು ಅಷ್ಟು ಸಾಕು. ಇಷ್ಟು ತಿಂಗಳ ಉಪವಾಸಕ್ಕೆ ಆಕೆ ಅವತ್ತು ಪಾರಣೆ ಮಾಡಿದಳು. ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಯಿತು.

ನನಗೂ ಅಣ್ಣನಿಗೂ ಇದು ತಿಳಿದಿರಲಿಲ್ಲ. ಕಾಗದ ತರುವ ದಿನ ಅವನು ಬಿಳಿ ಅಂಗಿ ಹಾಕಿದ್ದ. ನಾನು ಕೇಕಿನ ದಿನದ ಇಳಕಲ್ ಸೀರೆಯನ್ನೇ ಉಟ್ಟಿದ್ದೆ. ಇಬ್ಬರೂ ಮುಂಬಾಗಿಲು ತೆರೆದೆವು. ಹೊರಗೆ ಫುಟ್‌ಪಾತಿನ ತುಂಬ ಜನ!

ಶನಿವಾರ ಶನಿವಾರ ಬಂದಿದ್ದ ಗಂಡಸರೆಲ್ಲ ಇದ್ದರು. ಮೀಸೆ ತೀಡಿ, ಕೂದಲಿಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಕೆಲವರ ಹೆಂಡಂದಿರೂ ಬಂದಿದ್ದರು. ಬ್ಯಾಂಡಿನವನೊಬ್ಬ ತುತ್ತೂರಿ ಕೂಡ ತಂದಿದ್ದ, ಯಾರೋ ಅವನನ್ನು ಬೈದು ಸುಮ್ಮನಿರಿಸುತ್ತಿದ್ದರು. ಲಾಂಡ್ರಿ ಅಕ್ಕ ಅಂಗಡಿಗೆ ಬೀಗ ಹಾಕಿ ಬಂದು ಎಲ್ಲರ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ಅಣ್ಣ ಎಲ್ಲರನ್ನೂ ನೋಡಿದ. ಹಿಂದಕ್ಕೆ ಸರಿದು ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ.

ಆಗ ಎಲ್ಲರಿಗಿಂತ ಮೊದಲು ಪರೀಕ್ಷೆಗೆ ಬಂದಿದ್ದನಲ್ಲ, ಬೂಟಿನ ಹುಡುಗಿಯ ಅಪ್ಪ, ಅವನು ಮುಂದೆ ಬಂದ. ಅವನ ಕಂಕುಳಲ್ಲಿ ಚಿಕ್ಕ ಮಗಳಿದ್ದಳು, ಇನ್ನೂ ಮಾತು ಬಾರದ ಕೂಸು. ಅಣ್ಣನೇ ಅವಳಿಗೂ ಪದ್ರೀನೊ. "ನಾವೆಲ್ಲಾರೂ ಇವತ್ತ ಕಾಗದಾ ತರಾಕ ಹೊಂಟೇವಿ" ಅಂದ. "ಯಾರದು ಅಂತ ಯಾರೂ ಕೇಳಂಗಿಲ್ಲ." ಹಾಗೆಂದು ಕೂಸನ್ನು ಅಣ್ಣನ ತೋಳಿಗೆ ಇಟ್ಟುಬಿಟ್ಟ.

ಕಾಗದ ಇನ್ನೂ ಬಂದಿರಲಿಲ್ಲ. ಅದರಲ್ಲಿ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೂಸು ಅಣ್ಣನ ಕೈಯಲ್ಲಿತ್ತು. ಅವನು ಅದರ ತಲೆಗೆ ಗಲ್ಲ ಒತ್ತಿ ಗಳಗಳ ಅತ್ತ. ಕೂಸು ಅವನ ಬಿಳಿ ಅಂಗಿಯ ಮೇಲೆ ಜೊಲ್ಲು ಸುರಿಸಿತು. ಆಮೇಲೆ ನಾವೆಲ್ಲ ಹೊರಟೆವು. ಆ ಬೆಳಿಗ್ಗೆ ಬರ್ಗನ್‌ಲೈನಿನಲ್ಲಿ ನಮ್ಮನ್ನು ನೋಡಿದವರು ಮದುವೆಯ ದಿಬ್ಬಣ ಎಂದುಕೊಂಡಿರಬೇಕು. ಜಿಟ್ನಿ ಎಂಬ ಸಣ್ಣ ಬಸ್ಸಿನವನೊಬ್ಬ ನಿಲ್ಲಿಸಿ ಹಾರ್ನು ಬಾರಿಸಿದ. ತುತ್ತೂರಿಯವನು ಇನ್ನು ತಡೆಯಲಾರದೆ ಊದಿಯೇ ಬಿಟ್ಟ.

ಒಳಗೆ ನರ್ಸಮ್ಮನ ಕೋಣೆಗೆ ನಾವಿಬ್ಬರೇ ಹೋದೆವು. ಈಕೆಯೂ ಇರಬಹುದೇ ಎಂದು ಆಕೆ ಅಣ್ಣನನ್ನು ಕೇಳಿದಳು. ಅವನು ನನ್ನ ಕೈ ಹಿಡಿದುಕೊಂಡ. ಆಕೆ ಕಾಗದ ಬಿಡಿಸಿ, ಅದರಲ್ಲಿದ್ದದ್ದನ್ನು ನಿಧಾನವಾಗಿ ಹೇಳಿದಳು. ಮುಂದೆ ಏನು ಮಾಡಬೇಕೆಂಬುದನ್ನೂ ಹೇಳಿದಳು.

ನಾವು ಹೊರಗೆ ಬಂದಾಗ ತುಂಬಿದ ಕೋಣೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಅಣ್ಣ ಕೂಸಿನತ್ತ ಕೈಚಾಚಿದ. ಅದು ನೆಗೆದು ಬಂತು. "ಹಸಿವ್ಯಾಗ್ಯದ, ನಡೀರಿ" ಅಂದ. ಅವತ್ತು ನಮ್ಮ ಮನೆಯ ಹಿತ್ತಲಿನಲ್ಲಿ ಸಂಜೆಯವರೆಗೆ ಊಟ ನಡೆಯಿತು. ಲಾಂಡ್ರಿ ಅಕ್ಕ ರೊಟ್ಟಿ ಬೇಯಿಸುತ್ತ ನಿಂತವಳು ಕೂರಲೇ ಇಲ್ಲ. ನಮ್ಮವರು ಬಂದು ರಾತ್ರಿ ಮೆಲ್ಲಗೆ, ಏನಂತೆ ಎಂದು ಕೇಳಿದರು. ಅವರಿಗೂ ಹೇಳಲಿಲ್ಲ. ಅವರು ನನ್ನ ಹಣೆ ಮುಟ್ಟಿ ನೋಡಿದರು, ಜ್ವರವಿದೆಯೇ ಎಂದು.

ಮುಂದೆ ನಮಗೆ ಗ್ರೀನ್ ಕಾರ್ಡ್ ಬಂತು, ಬ್ರಿಡ್ಜ್‌ವಾಟರ್‌ಗೆ ಬಂದೆವು. ಅಣ್ಣ ಬಹಳ ವರ್ಷ ಅದೇ ಓಣಿಯಲ್ಲಿದ್ದ. ಅವನ ತಲೆ ಬೆಳ್ಳಗಾಯಿತು, ಹೊಟ್ಟೆ ಬಂತು. ನನ್ನ ಮಗನಿಗೂ ಅವನೇ ಪದ್ರೀನೊ. ಮಗ ಇಂಗ್ಲಿಷಿನಲ್ಲಿ ಮಾತಾಡಿದರೆ ಅಣ್ಣ ಸ್ಪ್ಯಾನಿಷ್‌ನಲ್ಲಿ ಬೈಯುತ್ತಿದ್ದ, ನಾನು ಕನ್ನಡದಲ್ಲಿ. ಕೊನೆಗೆ ಊರು ನೆನಪಾಗುತ್ತದೆಂದು ಊರಿಗೆ ಹೋದ. ಹೋದ ವರ್ಷ ಅಲ್ಲಿಯೇ, ನಿದ್ದೆಯಲ್ಲಿ ತೀರಿಕೊಂಡ. ಸುದ್ದಿ ಕೇಳಿದ ದಿನ ಕಾರು ಗ್ಯಾರೇಜಿನಲ್ಲಿ ನಿಲ್ಲಿಸಿ ಇಳಿಯದೆ ಬಹಳ ಹೊತ್ತು ಕೂತಿದ್ದೆ. ನನ್ನ ಮಾತನ್ನು ಅಷ್ಟು ಸಂತೋಷದಿಂದ ಕೇಳುತ್ತಿದ್ದವನು ಇನ್ನೊಬ್ಬನಿರಲಿಲ್ಲ.

ಯೂನಿಯನ್ ಸಿಟಿಯ ಚರ್ಚಿನಲ್ಲಿ ಅವನಿಗಾಗಿ ಪ್ರಾರ್ಥನೆ ಇಟ್ಟಿದ್ದರು. ಹೋದೆ. ಆ ಗಂಡಸರೆಲ್ಲ ಮುದುಕರಾಗಿ ಬೆಂಚುಗಳ ತುಂಬ ಕೂತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಯಾರೋ ಹಿಂದಿನಿಂದ ಕೈ ಹಿಡಿದರು. ಲಾಂಡ್ರಿ ಅಕ್ಕ. ಕೈಯಲ್ಲಿ ಊರುಗೋಲು, ಕಣ್ಣು ಮಾತ್ರ ಅದೇ ಚುರುಕು. ಮೂಲೆಗೆ ಕರೆದುಕೊಂಡು ಹೋಗಿ, "ಇನ್ನ ಅಂವನ ಇಲ್ಲ. ಈಗರ ಹೇಳ. ಆ ಕಾಗದದಾಗ ಏನಿತ್ತು?" ಎಂದು ಕೇಳಿದಳು.

ನಾನು ಬರೀ ಇಲ್ಲವೆಂದು ತಲೆಯಾಡಿಸಿದೆ. ನಿಮಗೂ ಹೇಳುವುದಿಲ್ಲ.

ಆಕೆ ನನ್ನ ಮುಖವನ್ನೇ ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಊರುಗೋಲು ಗೋಡೆಗಾನಿಸಿ, ನನ್ನ ಎರಡೂ ಕೈ ಹಿಡಿದು, "ನೀ ಹೇಳ್ತೀಯೋ ಇಲ್ಲೋ ನೋಡಾಕ ಕೇಳಿದೆ" ಅಂದಳು. "ಅದಾದ ವರ್ಷ ನಾನೂ ಒಬ್ಬರಿಗೆ ಮದ್ರೀನಾ ಆಗಿ ಹೋಗಿದ್ದೆ. ನಿನ್ನ ಅಣ್ಣನ ನನಗ ಹೇಳಿ ಕಳಿಸಿದ್ದ. ಯಾರು ಅಂತ ಇವತ್ತಿನ ತನಕಾ ನನ್ನ ಗಂಡಗೂ ಹೇಳಿಲ್ಲ."

ಇಡೀ ಓಣಿಯ ಆಕಾಶವಾಣಿ! ಅಣ್ಣ ಗುಟ್ಟು ಕಾಯಲು ಹುಡುಕಿದ್ದು ಯಾರನ್ನು ನೋಡಿ. ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಗತೊಡಗಿದಳು. ಚರ್ಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾವಿಬ್ಬರು ಬಾಯಿಬಡುಕಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕು, ಆಮೇಲೆ ಅತ್ತೆವು. ಆಕೆ ಯಾರಿಗೆ ಮದ್ರೀನಾ ಆಗಿದ್ದಳೆಂದು, ಅಣ್ಣನ ಕಾಗದದಲ್ಲಿ ಏನಿತ್ತೆಂದು ಅವತ್ತು ಕೇಳಿ ತಿಳಿದುಕೊಳ್ಳಬಹುದಿತ್ತು. ನಾನೂ ಕೇಳಲಿಲ್ಲ, ಆಕೆಯೂ ಮತ್ತೆ ಕೇಳಲಿಲ್ಲ. ಅವನಿಲ್ಲದ ಓಣಿಯಲ್ಲಿ ಆಕೆಯ ತೋಳು ಹಿಡಿದು ಮನೆಯವರೆಗೂ ಬಿಟ್ಟು ಬಂದೆ.